ಬಿದ್ದ ಗೋಡೆಯ ಸಾಕ್ಷ್ಯ

ಮುಡುಕುತೊರೆಯ ಬೆಟ್ಟವೇರಿ ಮಲ್ಲಿಕಾರ್ಜುನನ ದರ್ಶನ ಪಡೆದವರು ಕೆಳಗೆ ಬಳುಕಿ ಹರಿಯುವ ಕಾವೇರಿಯನ್ನು ನೋಡದೆ ಇಳಿಯುವುದಿಲ್ಲ. ಅಲ್ಲಿಗೆ ಸಮೀಪದಲ್ಲೇ ತಲಕಾಡಿನ ಮರಳು ದಿಬ್ಬಗಳಿವೆ. ಒಂದು ಕಾಲಕ್ಕೆ ಗಂಗರ ರಾಜಧಾನಿಯಾಗಿದ್ದ ಊರು ಈ ಮರಳಿನಡಿ ಸೇರಿದ್ದಾದರೂ ಹೇಗೆ?

ಈ ಪ್ರಶ್ನೆಗೆ ಮೂರು ಉತ್ತರಗಳುಂಟು. 1610ರಲ್ಲಿ ಶ್ರೀರಂಗಪಟ್ಟಣ ಮೈಸೂರು ಒಡೆಯರ ಕೈಸೇರಿದಾಗ ಅಲಮೇಲಮ್ಮ ಇಟ್ಟ ಶಾಪವೇ ಕಾರಣ ಎಂಬುದು ಜನರ ನಂಬಿಕೆ. ವಿಜಯನಗರದ ಕಾಲದಲ್ಲಿ ಮಾಧವ ಮಂತ್ರಿ ಕಟ್ಟಿಸಿದ ಅಣೆಕಟ್ಟಿನಿಂದ ನದಿಯ ನೀರು ತಗ್ಗಿತು, ಪಾತ್ರದ ಮರಳು ಬಯಲಾಗಿ ಗಾಳಿಗೆ ಹಾರಿ ಊರನ್ನು ಮುಚ್ಚಿತು ಎಂಬುದು ಕೃಷಿ ವಿಜ್ಞಾನಿ ಹಾಗೂ ಲೇಖಕ ಕೆ. ಎನ್. ಗಣೇಶಯ್ಯ ಅವರ ವಿವರಣೆ. ಈ ಭಾಗದಲ್ಲಿ ಭೂಮಿಯ ಒಡಲಿನ ಬಿರುಕುಗಳು ಸರಿದು ಕಾವೇರಿಯ ಗತಿಯೇ ಬದಲಾಯಿತೆಂಬುದು ಕೆಲವು ಭೂವಿಜ್ಞಾನಿಗಳ ವಾದ.

ಇವುಗಳಲ್ಲಿ ಯಾವುದು ಸರಿ ಎಂಬ ಚರ್ಚೆ ಮುಗಿದಿಲ್ಲ. ಮರಳು ಮೊದಲ ಮನೆಯ ಹೊಸ್ತಿಲಿಗೆ ಬಂದಾಗ ಅದನ್ನು ದಿನಾಂಕ ಸಮೇತ ದಾಖಲಿಸಿಟ್ಟವರಿಲ್ಲದಿರುವುದು ಇದಕ್ಕೊಂದು ಕಾರಣ. ಛಾಯಾಗ್ರಹಣವೆಂಬ ವಿದ್ಯೆ ಲೋಕಕ್ಕೆ ಪರಿಚಯವಾದದ್ದೇ 1839ರಲ್ಲಿ. ಆನಂತರ ನಡೆದ ಅನಾಹುತಗಳ ಕಥೆ ಹೀಗಲ್ಲ. ಅದರಲ್ಲೂ ಭೂಕಂಪಗಳ ಅಧ್ಯಯನಕ್ಕೆ ಕ್ಯಾಮೆರಾ ಒದಗಿಸಿದ ಸಾಕ್ಷ್ಯ ಅಮೂಲ್ಯವಾದುದು.

1906ರ ಏಪ್ರಿಲ್ 18ರ ಮುಂಜಾನೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ ಕಂಪಿಸಿತು. ಬಳಿಕ ಎದ್ದ ಬೆಂಕಿ ಉಳಿದದ್ದನ್ನೂ ಸುಟ್ಟಿತು. ಕೆಲವು ವಾರಗಳ ನಂತರ ಜಾರ್ಜ್ ಲಾರೆನ್ಸ್ ಎಂಬ ಛಾಯಾಗ್ರಾಹಕ ಗಾಳಿಪಟಗಳಿಗೆ ದೊಡ್ಡ ಕ್ಯಾಮೆರಾ ಕಟ್ಟಿ, ಸುಮಾರು 2,000 ಅಡಿ ಎತ್ತರದಿಂದ ಹಾಳಾದ ನಗರವನ್ನು ಸೆರೆಹಿಡಿದ. ಆ ಚಿತ್ರ ಜಗತ್ತನ್ನೇ ಬೆರಗುಗೊಳಿಸಿತು. ಆದರೆ ವಿಜ್ಞಾನಕ್ಕೆ ಹೆಚ್ಚು ನೆರವಾದದ್ದು ಭೂವಿಜ್ಞಾನಿ ಜಿ. ಕೆ. ಗಿಲ್ಬರ್ಟ್ ತೆಗೆದ ಬೇಲಿಯ ಚಿತ್ರ. ನೇರವಾಗಿದ್ದ ಆ ಬೇಲಿ ನಡುವೆ ತುಂಡಾಗಿ, ಒಂದು ಭಾಗ ಎಂಟು ಅಡಿಗೂ ಹೆಚ್ಚು ಪಕ್ಕಕ್ಕೆ ಸರಿದಿತ್ತು. ಇಂಥ ಕುರುಹುಗಳನ್ನೂ ಭೂಮಾಪನದ ಲೆಕ್ಕಗಳನ್ನೂ ಕೂಡಿಸಿ ನೋಡಿದ ಎಚ್. ಎಫ್. ರೀಡ್, ಬಿಲ್ಲಿನಂತೆ ಬಾಗಿದ ಶಿಲೆ ಒಮ್ಮೆಲೇ ಕಡಿದು ಸರಿಯುವುದರಿಂದ ಭೂಕಂಪವಾಗುತ್ತದೆ ಎಂಬ ಸಿದ್ಧಾಂತವನ್ನು 1910ರಲ್ಲಿ ಮಂಡಿಸಿದ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಕಿಲ್ಲಾರಿ. ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳ ಗಡಿಗೆ ದೂರವಲ್ಲದ ಈ ಊರು ಮಹಾರಾಷ್ಟ್ರದ ಲಾತೂರ್ ಜಿಲ್ಲೆಗೆ ಸೇರಿದ್ದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಭೂಮಿ ನಡುಗಿತು. ತೀವ್ರತೆ 6.2. ಸತ್ತವರು 8 ಸಾವಿರದಿಂದ 10 ಸಾವಿರ. ದಖ್ಖನ್ ಪೀಠಭೂಮಿ ಅಲುಗದ ನೆಲವೆಂಬ ನಂಬಿಕೆಯೂ ಅಂದೇ ಕುಸಿಯಿತು. ಅಂದಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿ! 2002ರಲ್ಲಿ ನಕ್ಷೆ ಪರಿಷ್ಕರಣೆಯಾದಾಗ ಆ ವಲಯವನ್ನೇ ಕೈಬಿಡಲಾಯಿತು.

ಕಿಲ್ಲಾರಿಯ ಚಿತ್ರಗಳನ್ನು ಎರಡು ಬಗೆಯಲ್ಲಿ ನೋಡಬಹುದು. ಪತ್ರಿಕೆಗಳಲ್ಲಿ ಬಂದ ಕಲ್ಲುರಾಶಿಯ, ಸಾಮೂಹಿಕ ಚಿತೆಗಳ ಚಿತ್ರಗಳು ದೇಶದ ಮನ ಕಲಕಿದವು. ನೆರವು ಹರಿದು ಬಂತು. ಆದರೆ ಕಲ್ಲುರಾಶಿಯನ್ನಷ್ಟೇ ಕಂಡವರಿಗೆ ಕಲ್ಲೇ ಕೊಲೆಗಾರನೆಂಬ ಭಾವನೆ ಬಂದುದು ಸಹಜ. ಬದುಕುಳಿದವರಲ್ಲಿ ಅನೇಕರು ಕಲ್ಲಿನ ಮನೆಯೊಳಗೆ ಮಲಗಲು ಹೆದರಿದರು, ಕಾಂಕ್ರೀಟ್ ಮನೆಯೇ ಬೇಕೆಂದರು.

ಎಂಜಿನಿಯರುಗಳು ತೆಗೆದ ಚಿತ್ರಗಳು ಬೇರೆಯದನ್ನೇ ಹೇಳಿದವು. ಅವರು ಅರ್ಧ ಬಿದ್ದ ಗೋಡೆಯ ಒಳಮೈಯನ್ನು ಹತ್ತಿರದಿಂದ ಸೆರೆಹಿಡಿದರು. ಎರಡು ಅಡಿಗೂ ಮೀರಿದ ದಪ್ಪ ಗೋಡೆಗೆ ಒಳಗೊಂದು, ಹೊರಗೊಂದು ಕಲ್ಲಿನ ಮುಖ. ನಡುವೆ ಮಣ್ಣು, ಪುಡಿಗಲ್ಲು. ಎರಡೂ ಮುಖಗಳನ್ನು ಹಿಡಿದಿಡುವ ಅಡ್ಡಗಲ್ಲುಗಳೇ ಇಲ್ಲ. ಮೇಲೆ ಮಣ್ಣು ಹೇರಿದ ಭಾರದ ಮಾಳಿಗೆ. ನೆಲ ಅಲುಗಿದಾಗ ಗೋಡೆ ಸೀಳಿಕೊಂಡು ಎರಡೂ ಕಡೆಗೆ ಉರುಳಿತು. ಎಷ್ಟೋ ಕಡೆ ಗೋಡೆ ಬಿದ್ದರೂ ಮರದ ಕಂಬ, ತೊಲೆಗಳ ಚೌಕಟ್ಟು ನಿಂತೇ ಇತ್ತು. ತಪ್ಪು ಕಲ್ಲಿನದಲ್ಲ, ಕಟ್ಟಿದ ಕ್ರಮದ್ದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿರಲಿಲ್ಲ.

ಈ ವ್ಯತ್ಯಾಸ ಪುಸ್ತಕದ ಬದನೆಕಾಯಿಯಲ್ಲ. ಮಹಾರಾಷ್ಟ್ರ ಸರ್ಕಾರ ವಿಶ್ವ ಬ್ಯಾಂಕಿನ ನೆರವಿನಿಂದ 52 ಗ್ರಾಮಗಳನ್ನು ಸಂಪೂರ್ಣವಾಗಿ ಬೇರೆಡೆಗೆ ಸ್ಥಳಾಂತರಿಸಿತು. ಜೊತೆಗೆ ಸುಮಾರು ಎರಡು ಲಕ್ಷ ಹಳೆಯ ಮನೆಗಳ ದುರಸ್ತಿಯ ಕಾರ್ಯಕ್ರಮವನ್ನೂ ಹಮ್ಮಿಕೊಂಡಿತು. ಗೋಡೆಗೆ ಅಡ್ಡಗಲ್ಲು ಹಾಕುವುದು, ಮೂಲೆಗಳನ್ನು ಬಿಗಿಗೊಳಿಸುವುದು, ಬಾಗಿಲ ಮಟ್ಟದಲ್ಲಿ ಮನೆಯ ಸುತ್ತ ಪಟ್ಟಿ ಕಟ್ಟುವುದು, ಮಾಳಿಗೆಯ ಮಣ್ಣಿನ ಭಾರ ಇಳಿಸುವುದು ಇವೆಲ್ಲ ಊರಿನ ಗಾರೆ ಕೆಲಸದವರೂ ಮಾಡಬಲ್ಲ ಉಪಾಯಗಳು.

ಇನ್ನು ಹೊಸ ಊರುಗಳ ವಿಷಯ. ಪಟ್ಟಣದ ಬಡಾವಣೆಯಂತೆ ಅಗಲ ರಸ್ತೆ, ಸಾಲು ಮನೆ. ನೆರೆಹೊರೆಯವರು ಒಂದೇ ಕಟ್ಟೆಯಲ್ಲಿ ಕೂಡುತ್ತಿದ್ದ ಓಣಿ ಇಲ್ಲ. ಉದ್ಘಾಟನೆಯ ದಿನದ ಚಿತ್ರದಲ್ಲಿ ಎಲ್ಲವೂ ಅಚ್ಚುಕಟ್ಟು. ಜನ ಮುಂದೆ ತಮಗೆ ಬೇಕಾದಂತೆ ಒಲೆಮನೆ, ಪಡಸಾಲೆ, ಕೊಟ್ಟಿಗೆಗಳನ್ನು ಸೇರಿಸಿಕೊಂಡ ಮೇಲಷ್ಟೇ ಅವು ಊರುಗಳಾದವು. ಆದ್ದರಿಂದ ಚೇತರಿಕೆಯ ಚಿತ್ರ ಒಂದೇ ದಿನ ತೆಗೆಯುವಂಥದ್ದಲ್ಲ. ಅದೇ ಜಾಗವನ್ನು ಅದೇ ಕೋನದಿಂದ ವರ್ಷ, ಐದು ವರ್ಷ, ಹತ್ತು ವರ್ಷದ ನಂತರ ನೋಡಬೇಕು.

ಕರ್ನಾಟಕಕ್ಕೂ ಇದರಿಂದ ಪಾಠವಿದೆ. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಗ್ರಾಮ ಮತ್ತೆ ಮತ್ತೆ ಕಂಪಿಸಿದಾಗ ಕಿಲ್ಲಾರಿಯನ್ನು ನೆನೆದ ಜನ ಮನೆ ತೊರೆದು ಹೊರಗೆ ರಾತ್ರಿ ಕಳೆದರು. ಅಂಥ ಹೊತ್ತಿನಲ್ಲಿ ಪ್ರತಿ ಮನೆಯ ಬಿರುಕಿನ ಚಿತ್ರವನ್ನು, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು, ದಿನಾಂಕ ಬರೆದು ತೆಗೆದಿಟ್ಟರೆ ಬಿರುಕು ಹಳೆಯದೋ ಹೊಸದೋ, ಬೆಳೆಯುತ್ತಿದೆಯೋ ನಿಂತಿದೆಯೋ ಎಂಬುದು ತಿಳಿಯುತ್ತದೆ. ಪರಿಹಾರ ಕೇಳಲೂ ಅದೇ ಆಧಾರ. ಇಂದು ಮೊಬೈಲ್ ಇದ್ದವರೆಲ್ಲರೂ ಇದನ್ನು ಮಾಡಬಹುದು.

ತಲಕಾಡಿನ ಮಟ್ಟಿಗೂ ಕಾಲ ಮಿಂಚಿಲ್ಲ. 2006, 2009, 2013 ಮತ್ತು 2020ರಲ್ಲಿ ಪಂಚಲಿಂಗ ದರ್ಶನ ನಡೆಯಿತು. ಮುಡುಕುತೊರೆಯ ಮಲ್ಲಿಕಾರ್ಜುನನೂ ಆ ಐವರಲ್ಲೊಬ್ಬ. ಆ ಸಂದರ್ಭಗಳಲ್ಲಿ ಪಾತಾಳೇಶ್ವರ, ಮರುಳೇಶ್ವರ ಗುಡಿಗಳ ಬಳಿ ಭಕ್ತರು ತೆಗೆಸಿಕೊಂಡ ಫೋಟೊಗಳು ಮನೆಮನೆಗಳಲ್ಲಿರುತ್ತವೆ. ಅವುಗಳನ್ನು ಒಟ್ಟುಗೂಡಿಸಿ ವರ್ಷಾನುಕ್ರಮದಲ್ಲಿ ಜೋಡಿಸಿದರೆ, ಗುಡಿಯ ಗೋಡೆಯ ಯಾವ ಸಾಲಿನವರೆಗೆ ಯಾವಾಗ ಮರಳಿತ್ತು ಎಂಬುದನ್ನು ಗುರುತಿಸಬಹುದು. ಶಾಪವೋ, ಅಣೆಕಟ್ಟೋ, ಭೂಮಿಯ ಚಲನೆಯೋ ಎಂಬ ಹಳೆಯ ತಕರಾರು ಅದರಿಂದ ತೀರಲಾರದು. ಮರಳು ಈಗ ಯಾವ ದಿಕ್ಕಿಗೆ ಸರಿಯುತ್ತಿದೆ ಎಂಬುದಕ್ಕಾದರೂ ಮುಂದಿನವರಿಗೆ ಒಂದು ಲೆಕ್ಕ ಸಿಕ್ಕೀತು.