ನಿಮಗಿದು ಗೊತ್ತೇ? ಪುಟಾಣಿಗಳ ಬೇಸಿಗೆ ಆಟ ಅಂಗಳದಲ್ಲೇ ಇದೆ

* ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ಸುಮಾರು 30 ಕಿ.ಮೀ. ಬಂದರೆ ಮಂಡಗದ್ದೆ. ಇಲ್ಲಿ ತುಂಗೆಯ ನಡುವೆ ಇರುವ ನಡುಗಡ್ಡೆ ಒಂದು ಎಕರೆಗಿಂತ ತುಸುವೇ ದೊಡ್ಡದು. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅಲ್ಲಿನ ಮರಗಳ ತುಂಬ ಗೂಡು ಕಟ್ಟುತ್ತವೆ. ನಿಮ್ಮ ಮೂರು ನಾಲ್ಕು ವರ್ಷದ ಮಗುವೂ ಈ ಬೇಸಿಗೆಯಲ್ಲಿ ಒಂದು ಗೂಡು ಕಟ್ಟಲಿ. ಕಡ್ಡಿ, ಒಣಹುಲ್ಲು, ತೆಂಗಿನ ನಾರು ಸಾಕು. ಹುಲ್ಲನ್ನು ಕಡ್ಡಿಗಳ ನಡುವೆ ತೂರಿಸುವ ಬೆರಳುಗಳೇ ಮುಂದೆ ಬಳಪ ಹಿಡಿಯುವುದು.

* ನೀರುಕಾಗೆ ರೆಕ್ಕೆ ಹರಡಿಕೊಂಡು ಬಿಸಿಲಿಗೆ ಕೂರುವುದು ಏಕೆ? ಅದರ ಗರಿ ನೀರಿನಲ್ಲಿ ನೆನೆಯುತ್ತದೆ, ಹಾಗಾಗಿ ಮುಳುಗಲು ಸುಲಭ. ಮೇಲೆ ಬಂದ ಮೇಲೆ ಒಣಗಿಸಿಕೊಳ್ಳಲೇಬೇಕು. ಮಗುವಿಗೆ ಇದನ್ನು ಹೇಳಿ, ಒಂಟಿ ಕಾಲಲ್ಲಿ ಕೈ ಹರಡಿ ನಿಲ್ಲಿಸಿ. ಹತ್ತು ಎಣಿಸುವವರೆಗೆ ನಿಂತರೆ ಶಹಬ್ಬಾಸ್!

* ಹಲಸಿನ ಒಂದೊಂದು ತೊಳೆಯೂ ಒಂದೊಂದು ಹೂವಿನಿಂದ ಆದದ್ದು. ಅಂದರೆ ಒಂದು ಹಣ್ಣು ಎಂದರೆ ಒಂದು ಹೂಗುಚ್ಛ. ಅಜ್ಜಿ ಹಣ್ಣು ಬಿಡಿಸುವಾಗ ಮಗು ಪಕ್ಕದಲ್ಲಿರಲಿ. ಬೀಜ ತೊಳೆಯುವುದು, ದೊಡ್ಡದು ಚಿಕ್ಕದು ಎಂದು ಬೇರೆ ಮಾಡುವುದು ಅದರ ಕೆಲಸ. ಗೇರುಬೀಜಕ್ಕೆ ಮಾತ್ರ ಕೈ ಹಾಕಿಸಬೇಡಿ. ಹಸಿ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ.

* ಚನ್ನೆಮಣೆಯಲ್ಲಿ 14 ಗುಳಿ. ಗುಳಿಗೆ ನಾಲ್ಕರಂತೆ ಹಾಕಿದರೆ 56 ಕಾಯಿ. ಇದರ ದಾಯಾದಿ ಆಟಗಳು ಆಫ್ರಿಕಾದಲ್ಲೂ ಇವೆ. ಪುಟ್ಟ ಮಕ್ಕಳಿಗೆ ಸೋಲು ಗೆಲುವಿನ ಲೆಕ್ಕ ಬೇಡ. ಒಂದು ಗುಳಿಗೆ ಒಂದು ಹುಣಸೆಬೀಜ ಹಾಕುತ್ತ ಹೋಗಲಿ. ‘ಒಂದಕ್ಕೆ ಒಂದು’ ಎಂಬುದು ಕೈಗೆ ತಿಳಿದ ಮೇಲೆಯೇ ಬಾಯಿಯ ಎಣಿಕೆಗೆ ಅರ್ಥ ಬರುವುದು. ಗುಲಗಂಜಿ ಎಷ್ಟೇ ಚೆಂದವಿದ್ದರೂ ದೂರವಿಡಿ. ಅಗಿದು ನುಂಗಿದರೆ ಅದು ಕಡುವಿಷ. ಯಾವ ಬೀಜವಾದರೂ ಮೂಗಿಗೆ, ಗಂಟಲಿಗೆ ಹೋಗದಂತೆ ದೊಡ್ಡವರು ಪಕ್ಕದಲ್ಲೇ ಕೂತಿರಬೇಕು.

* ಅಂಟುವಾಳದ ನೊರೆಗೆ ಕಾರಣ ಅದರಲ್ಲಿರುವ ಸಪೋನಿನ್. ನೆನೆಸಿದ ನೀರನ್ನು ಬೋಗುಣಿಗೆ ಹಾಕಿ ಕಡೆಗೋಲು ಕೊಡಿ, ಮಗು ನೊರೆಯ ಗುಡ್ಡವನ್ನೇ ಎಬ್ಬಿಸುತ್ತದೆ. ಕಣ್ಣಿಗೆ ತಾಗಿದರೆ ಉರಿ, ಜೋಪಾನ.

* ಅಡಿಕೆ ಹಾಳೆಗಿಂತ ಒಳ್ಳೆಯ ಗಾಡಿ ಯಾವ ಅಂಗಡಿಯಲ್ಲಿದೆ? ಕೂತವರಿಗೆ ಸಮತೋಲ, ಎಳೆದವರಿಗೆ ಬಲ. ನುಣ್ಣನೆಯ ಅಂಗಳದಲ್ಲಿ ಸರ್ರನೆ ಜಾರುವ ಹಾಳೆ ಜಲ್ಲಿಯ ಮೇಲೆ ಏಕೆ ತಡೆಯುತ್ತದೆ ಎಂದು ಮಗುವನ್ನೇ ಕೇಳಿ. ಘರ್ಷಣೆಯ ಮೊದಲ ಪಾಠ ಅದೇ.

* ಮೂರು ನಾಲ್ಕು ವರ್ಷದವರು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಮೊಬೈಲ್ ಟಿವಿ ಎಲ್ಲ ಸೇರಿ 1 ಗಂಟೆ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇದು.

* ಬಕೆಟ್ಟಿನ ಸ್ವಲ್ಪ ನೀರೂ ಚಿಕ್ಕ ಮಗುವಿನ ಜೀವಕ್ಕೆ ಅಪಾಯ. ನೀರಾಟ ಮುಗಿದ ಕೂಡಲೇ ಚೆಲ್ಲಿಬಿಡಿ. ಬೇಸಿಗೆಯಲ್ಲಿ ತುಂಗೆ ಬತ್ತಿದಂತೆ ಕಂಡರೂ ಮಕ್ಕಳನ್ನು ಹೊಳೆಗೆ ಒಂಟಿಯಾಗಿ ಬಿಡಬೇಡಿ.

ಮಗು ಕಟ್ಟಿದ ಗೂಡನ್ನು ಎಸೆಯದೆ ಇಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ಒಂದು ದಿನ ಮಂಡಗದ್ದೆಗೆ ಕರೆದುಕೊಂಡು ಬನ್ನಿ, ಬೆಳ್ಳಕ್ಕಿಯ ಗೂಡನ್ನು ಮಗು ತಾನೇ ನೋಡಲಿ.