ಇಸಬಿಗೆ ಊಟದ ಪಥ್ಯವೇ ಮದ್ದೇ?

ಮಗುವಿನ ಮೊಣಕೈ ಮಡಿಕೆಯಲ್ಲೋ ಮಂಡಿಯ ಹಿಂದೆಯೋ ಚರ್ಮ ಕೆಂಪಾಗಿ, ಒರಟಾಗಿ, ರಾತ್ರಿಯೆಲ್ಲ ತುರಿಸತೊಡಗಿದರೆ ಹಿರಿಯರ ಮೊದಲ ತೀರ್ಪು, ‘ನಂಜಾಗಿದೆ’. ಮರುದಿನದಿಂದಲೇ ಬದನೆಕಾಯಿ, ಮೊಟ್ಟೆ, ಮೀನು, ಕಡಲೆಕಾಯಿ ಬೀಜ ಎಲ್ಲಕ್ಕೂ ನಿಷೇಧ. ಇದರಿಂದ ಇಸಬು, ಅಂದರೆ ಎಕ್ಸಿಮಾ, ವಾಸಿಯಾಗುವುದೇ?

ಇಸಬಿನ ಮೂಲ ಹೊಟ್ಟೆಗಿಂತ ಹೆಚ್ಚಾಗಿ ಚರ್ಮದಲ್ಲಿದೆ. ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಪ್ರೋಟೀನುಗಳಲ್ಲಿ ಫಿಲಾಗ್ರಿನ್ ಒಂದು. ಅದರ ಜೀನ್‌ನಲ್ಲಿನ ದೋಷಕ್ಕೂ ಇಸಬಿಗೂ ಇರುವ ನಂಟನ್ನು ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಏರಿ ಬಿರುಕುಬಿಟ್ಟ ಕೆರೆಯಂತೆ ಇಂಥ ಚರ್ಮದಿಂದ ತೇವ ಸೋರಿಹೋಗುತ್ತದೆ. ಹೊರಗಿನ ಧೂಳು, ಆಹಾರದ ಕಣಗಳು ಒಳನುಗ್ಗುತ್ತವೆ.

ಬಾಯಿಯ ಮೂಲಕ ಬಂದ ಆಹಾರವನ್ನು ದೇಹ ಸಾಮಾನ್ಯವಾಗಿ ನೆಂಟನೆಂದು ಒಪ್ಪಿಕೊಳ್ಳುತ್ತದೆ. ಬಿರುಕಿನ ಮೂಲಕ ನುಸುಳಿದ್ದನ್ನು ಕಳ್ಳನೆಂದು ಭಾವಿಸಬಹುದು. ಅಲರ್ಜಿ ಹುಟ್ಟುವ ಒಂದು ದಾರಿ ಇದು. ಹಾಗಾದರೆ ಪಥ್ಯ ಮಾಡಿಸಿದರೆ ಅಲರ್ಜಿ ತಪ್ಪುವುದೇ? ಲಂಡನ್ನಿನ ಪ್ರಯೋಗವೊಂದರ ಉತ್ತರ 2015ರಲ್ಲಿ ಬಂತು. ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಹಸುಳೆಗಳನ್ನು ಎರಡು ಗುಂಪು ಮಾಡಲಾಗಿತ್ತು. ಒಂದಕ್ಕೆ ಕಡಲೆಕಾಯಿ ತಿನಿಸು, ಇನ್ನೊಂದಕ್ಕೆ ಪಥ್ಯ. ಐದು ವರ್ಷ ತುಂಬುವಾಗ ತಿಂದವರಲ್ಲಿ ಶೇ 3.2ರಷ್ಟು, ಪಥ್ಯದಲ್ಲಿದ್ದವರಲ್ಲಿ ಶೇ 17.2ರಷ್ಟು ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಇತ್ತು! ಚರ್ಮಪರೀಕ್ಷೆಯಲ್ಲಿ ಮೊದಲೇ ಬಲವಾದ ಅಲರ್ಜಿ ಕಂಡವರನ್ನು ಪ್ರಯೋಗಕ್ಕೆ ಸೇರಿಸಿರಲಿಲ್ಲ ಎಂಬುದೂ ನೆನಪಿರಲಿ.

ಕೆಲವು ಮಕ್ಕಳಿಗೆ ಆಹಾರದ ಅಲರ್ಜಿ ನಿಜವಾಗಿಯೂ ಇರುತ್ತದೆ. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ದದ್ದು, ತುಟಿಯ ಊತ, ವಾಂತಿ ಕಂಡರೆ ಆ ಪದಾರ್ಥ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಸಿರಾಟ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಆದರೆ ಬರೀ ಅನುಮಾನದಿಂದ ಹಾಲು, ಮೊಟ್ಟೆ, ಕಾಳುಗಳನ್ನು ಬಿಡಿಸಿದರೆ ಇಸಬು ಉಳಿದು, ಬೆಳೆಯುವ ಮಗುವಿಗೆ ಪ್ರೋಟೀನು, ಕ್ಯಾಲ್ಸಿಯಂ ಖೋತಾ ಆಗುತ್ತದೆ.

ಉಗುರುಬೆಚ್ಚಗಿನ ನೀರಲ್ಲಿ ಚುಟುಕು ಸ್ನಾನ, ಮೈ ಒದ್ದೆಯಿರುವಾಗಲೇ ಪೆಟ್ರೋಲಿಯಂ ಜೆಲ್ಲಿಯಂಥ ಲೇಪನ, ಹತ್ತಿಬಟ್ಟೆ, ಕತ್ತರಿಸಿದ ಉಗುರು, ವೈದ್ಯರು ಬರೆದುಕೊಟ್ಟ ಮುಲಾಮು: ಮೊದಲ ಆರೈಕೆ ಇವು. ಹಸುಳೆಗೆ ಆರು ತಿಂಗಳವರೆಗೆ ಎದೆಹಾಲು, ಬಳಿಕ ಬಗೆಬಗೆಯ ಮೆತ್ತನೆಯ ಆಹಾರ. ತೀವ್ರ ಇಸಬಿದ್ದರೆ ಮೊಟ್ಟೆ, ಕಡಲೆಕಾಯಿ ಆರಂಭಿಸುವ ಮುನ್ನ ವೈದ್ಯರನ್ನು ಕೇಳಿ. ಇಡೀ ಬೀಜವಂತೂ ಬೇಡ, ಗಂಟಲಿಗೆ ಸಿಕ್ಕೀತು.

ವಿದ್ಯಾರ್ಥಿಗಳೇ, ತಮ್ಮನಿಗೋ ತಂಗಿಗೋ ತುರಿಕೆಯಿದ್ದರೆ ಒಂದು ನೋಟ್‌ಬುಕ್ ಇಡಿ. ತಿಂದದ್ದು, ತುರಿಸಿದ್ದು, ಹವೆ, ಸೋಪು ಎಲ್ಲ ದಿನವೂ ಬರೆಯಿರಿ. ತಟ್ಟೆಯಿಂದ ಯಾವುದನ್ನಾದರೂ ತೆಗೆಯುವ ಮೊದಲು ಆ ಪುಟಗಳನ್ನು ವೈದ್ಯರು ನೋಡಲಿ.