ಕೃತಕ ಮಸೂರ: ಬೆಲೆಗಿಂತ ಅಳತೆ ಮುಖ್ಯ

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ಕೂಡಲೇ ಮನೆಯಲ್ಲಿ ಆರಂಭವಾಗುವುದು ಮಸೂರದ ಬೆಲೆಯ ಚರ್ಚೆ. ಸ್ವದೇಶಿಯೋ, ವಿದೇಶಿಯೋ? ವಿಮೆಯಲ್ಲಿ ಎಷ್ಟು ಹಣ ಸಿಗುತ್ತದೆ? ಈ ಪ್ರಶ್ನೆಗಳ ನಡುವೆ ಬಹುತೇಕರು ಕೇಳದೇ ಬಿಡುವ ಪ್ರಶ್ನೆಯೊಂದಿದೆ: ಕಣ್ಣಿನೊಳಗೆ ಇಡುವ ಮಸೂರದ ಪವರ್ ಎಷ್ಟು, ಅದನ್ನು ನಿರ್ಧರಿಸುವುದು ಹೇಗೆ?

ಶಸ್ತ್ರಚಿಕಿತ್ಸೆಯ ನಂತರ ಕನ್ನಡಕವಿಲ್ಲದೆ ಬಸ್ಸಿನ ಬೋರ್ಡ್ ಕಾಣುವುದೋ, ದಿನಪತ್ರಿಕೆಯ ಅಕ್ಷರ ಕಾಣುವುದೋ ಎಂಬುದು ಬಹುಮಟ್ಟಿಗೆ ಈ ಅಂಕಿಯನ್ನೇ ಅವಲಂಬಿಸಿದೆ. ಸರಿಯಾದ ಪವರಿನ ಅಗ್ಗದ ಮಸೂರ ನೀಡುವ ದೃಷ್ಟಿಯನ್ನು ತಪ್ಪು ಪವರಿನ ದುಬಾರಿ ಮಸೂರ ನೀಡಲಾರದು.

ದಪ್ಪ ಗಾಜಿನ ಕಾಲ

ಡಾ. ಎಂ.ಸಿ. ಮೋದಿ ಅವರ ನೇತ್ರ ಶಿಬಿರಗಳು ಕರ್ನಾಟಕದಲ್ಲಿ ಮನೆಮಾತಾಗಿದ್ದ ದಶಕಗಳಲ್ಲಿ, ಪೊರೆ ತೆಗೆಸಿಕೊಂಡವರಿಗೆ ಸುಮಾರು ಪ್ಲಸ್ 10ರ ದಪ್ಪ ಗಾಜಿನ ಕನ್ನಡಕವೇ ಆಸರೆಯಾಗಿತ್ತು. ಕಣ್ಣೊಳಗಿನ ಮಸೂರವನ್ನೇ ತೆಗೆದ ಮೇಲೆ ಅದರ ಕೆಲಸವನ್ನು ಹೊರಗಿನ ಗಾಜು ಮಾಡಬೇಕಿತ್ತು.

ಲಂಡನ್ನಿನ ನೇತ್ರತಜ್ಞ ಹೆರಾಲ್ಡ್ ರಿಡ್ಲೆ 1949ರಲ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಪ್ಲಾಸ್ಟಿಕ್ ಮಸೂರ ಅಳವಡಿಸುವ ಸಾಹಸಕ್ಕೆ ಕೈಹಾಕಿದರು. ಮಸೂರ ಕಣ್ಣಿಗೆ ಒಗ್ಗಿತು. ಆದರೆ ಅದರ ಪವರ್ ಅಗತ್ಯಕ್ಕಿಂತ ಬಹಳ ಹೆಚ್ಚಾಗಿತ್ತು. ರೋಗಿಗೆ ಭಾರಿ ಮೈನಸ್ ನಂಬರ್ ಉಳಿಯಿತು. ಮಸೂರ ಇಡುವುದಷ್ಟೇ ಸಾಲದು, ಆ ಕಣ್ಣಿಗೆ ಹೊಂದುವ ಮಸೂರವನ್ನೇ ಇಡಬೇಕು ಎಂಬ ಪಾಠ ಅಂದೇ ಸಿಕ್ಕಿತು. ಮಧುರೆಯ ಅರೋಲ್ಯಾಬ್ 1992ರಿಂದ ಕಡಿಮೆ ಬೆಲೆಯ ಮಸೂರ ತಯಾರಿಸತೊಡಗಿದ ಮೇಲೆ ಬಡವರಿಗೂ ಮಸೂರ ಎಟುಕಿತು. ಆದರೆ ಅಳತೆಯ ಸವಾಲು ಮಾತ್ರ ಪ್ರತಿ ಕಣ್ಣಿಗೂ ಹೊಸದು.

ಲೆಕ್ಕ ಹೇಗೆ?

ಈ ಲೆಕ್ಕಕ್ಕೆ ಮುಖ್ಯವಾಗಿ ಬೇಕಾದುದು ಎರಡು ಅಳತೆ. ಒಂದು, ಕಣ್ಣಿನ ಮುಂಭಾಗದಿಂದ ಹಿಂದಿನ ಅಕ್ಷಿಪಟಲದವರೆಗಿನ ಉದ್ದ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 23ರಿಂದ 24 ಮಿ.ಮೀ. ಇನ್ನೊಂದು, ಕಣ್ಣಿನ ಮುಂದಿರುವ ಪಾರದರ್ಶಕ ಪಟಲವಾದ ಕಾರ್ನಿಯಾದ ಬಾಗು. ಇದರ ಶಕ್ತಿ ಸುಮಾರು 43 ಡಯಾಪ್ಟರ್. ಗಿಡ್ಡ ಕಣ್ಣಿಗೆ ಹೆಚ್ಚು ಪವರಿನ ಮಸೂರ ಬೇಕು, ಉದ್ದ ಕಣ್ಣಿಗೆ ಕಡಿಮೆ ಸಾಕು.

ಅಮೆರಿಕದ ಮೂವರು ತಜ್ಞರ ಹೆಸರಿನ ಮೊದಲಕ್ಷರಗಳಿಂದ ‘ಎಸ್‌ಆರ್‌ಕೆ’ ಎಂದು ಕರೆಯಲಾದ, 1980ರ ಸೂತ್ರ ಇದನ್ನು ಸರಳವಾಗಿ ತೋರಿಸುತ್ತದೆ. ಪ್ರತಿ ಮಾದರಿಯ ಮಸೂರಕ್ಕೂ ಒಂದು ಸ್ಥಿರಾಂಕವಿರುತ್ತದೆ. ಅದರಿಂದ ಕಣ್ಣಿನ ಉದ್ದದ ಎರಡೂವರೆ ಪಟ್ಟನ್ನೂ, ಕಾರ್ನಿಯಾ ಶಕ್ತಿಯ 0.9 ಪಟ್ಟನ್ನೂ ಕಳೆಯಬೇಕು. ಸ್ಥಿರಾಂಕ 118.4, ಉದ್ದ 23.5 ಮಿ.ಮೀ., ಕಾರ್ನಿಯಾ 44 ಡಯಾಪ್ಟರ್ ಎಂದಿಟ್ಟುಕೊಂಡರೆ 118.4ರಿಂದ 58.75 ಮತ್ತು 39.6 ಕಳೆದು ಉಳಿಯುವುದು 20.05. ಅಂದರೆ 20 ಡಯಾಪ್ಟರ್ ಮಸೂರ. ಆಸ್ಪತ್ರೆ ಕೊಡುವ ಚೀಟಿಯಲ್ಲಿ ‘ಪ್ಲಸ್ 20’ ಎಂದಿದ್ದರೆ ಗಾಬರಿ ಬೇಡ. ಅದು ಕನ್ನಡಕದ ನಂಬರ್ ಅಲ್ಲ.

ಈ ಹಳೆಯ ಸೂತ್ರದ ಸ್ಥಾನವನ್ನು ಈಗ ಎಸ್‌ಆರ್‌ಕೆ-ಟಿ, ಹೈಗಿಸ್, ಬ್ಯಾರೆಟ್ ಮೊದಲಾದ ಹೆಚ್ಚು ನಿಖರ ಸೂತ್ರಗಳು ಪಡೆದಿವೆ. ಅವು ಮಸೂರ ಕಣ್ಣಿನೊಳಗೆ ಎಷ್ಟು ಆಳದಲ್ಲಿ ನೆಲೆಗೊಳ್ಳಬಹುದು ಎಂಬುದನ್ನೂ ಅಂದಾಜಿಸುತ್ತವೆ.

ಒಂದು ಮಿಲಿಮೀಟರ್ ತಪ್ಪಿದರೆ

ಸೂತ್ರ ಎಷ್ಟೇ ಉತ್ತಮವಾಗಿರಲಿ, ಅಳತೆ ತಪ್ಪಿದರೆ ಲೆಕ್ಕವೂ ತಪ್ಪು. ಮೇಲಿನ ಉದಾಹರಣೆಯಲ್ಲಿ ಉದ್ದವನ್ನು ಒಂದೇ ಮಿ.ಮೀ. ಕಡಿಮೆ ಅಳೆದರೂ ಮಸೂರದ ಪವರ್ ಎರಡೂವರೆ ಡಯಾಪ್ಟರ್ ಹೆಚ್ಚುತ್ತದೆ. ದೂರ ನೋಡಲು ಮೈನಸ್ ಕನ್ನಡಕ ಅನಿವಾರ್ಯವಾಗುತ್ತದೆ.

ಅಲ್ಟ್ರಾಸೌಂಡ್ ಸಲಾಕೆಯನ್ನು ಕಣ್ಣಿಗೆ ತಾಗಿಸಿ ಅಳೆಯುವಾಗ ಸ್ವಲ್ಪ ಒತ್ತಿದರೂ ಕಾರ್ನಿಯಾ ತಗ್ಗಿ ಕಣ್ಣು ಗಿಡ್ಡವೆಂದು ದಾಖಲಾಗುತ್ತದೆ. ಕಣ್ಣನ್ನು ಮುಟ್ಟದೆ ಬೆಳಕಿನಿಂದಲೇ ಅಳೆಯುವ ಯಂತ್ರಗಳು 1999ರ ನಂತರ ಬಳಕೆಗೆ ಬಂದು ಈ ದೋಷವನ್ನು ಬಹಳಷ್ಟು ತಗ್ಗಿಸಿವೆ. ಆದರೆ ತೀರಾ ಬಲಿತ ಪೊರೆಯನ್ನು ಬೆಳಕು ದಾಟಲಾರದು. ಆಗ ಅಲ್ಟ್ರಾಸೌಂಡನ್ನೇ ಅವಲಂಬಿಸಬೇಕಾಗುತ್ತದೆ. ‘ಪೊರೆ ಪೂರ್ತಿ ಬಲಿಯಲಿ’ ಎಂದು ವರ್ಷಗಟ್ಟಲೆ ಕಾಯುವುದು ಒಳಿತಲ್ಲ ಎನ್ನಲು ಇದೂ ಒಂದು ಕಾರಣ.

ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅಳತೆಗೆ ಮೊದಲು ಅದನ್ನು ನಿಲ್ಲಿಸಬೇಕು. ಎಷ್ಟು ದಿನ ಎಂಬುದನ್ನು ವೈದ್ಯರಿಂದಲೇ ತಿಳಿಯಬೇಕು. ಗಟ್ಟಿ ಲೆನ್ಸಿಗೆ ಹೆಚ್ಚು ದಿನ ಬೇಕು. ಹಿಂದೆ ಲೇಸಿಕ್ ಮಾಡಿಸಿಕೊಂಡವರು ಅದನ್ನು ಹೇಳಲೇಬೇಕು. ಮೈನಸ್ ನಂಬರಿಗಾಗಿ ಕಾರ್ನಿಯಾವನ್ನು ಚಪ್ಪಟೆ ಮಾಡಿದ ಕಣ್ಣಿನಲ್ಲಿ ಸಾಮಾನ್ಯ ಯಂತ್ರಗಳು ಅದರ ಶಕ್ತಿಯನ್ನು ಹೆಚ್ಚಾಗಿ ತೋರಿಸುತ್ತವೆ. ಪರಿಣಾಮವಾಗಿ ದುರ್ಬಲ ಮಸೂರ ಆಯ್ಕೆಯಾಗಿ ಪ್ಲಸ್ ನಂಬರ್ ಉಳಿಯುವ ಅಪಾಯವಿದೆ. ಇಂತಹವರಿಗೆಂದೇ ಪ್ರತ್ಯೇಕ ಸೂತ್ರಗಳಿವೆ. ಲೇಸಿಕ್‌ಗೆ ಮುಂಚಿನ ದಾಖಲೆ ಇದ್ದರೆ ಇನ್ನೂ ಅನುಕೂಲ.

ದೂರವೋ, ಹತ್ತಿರವೋ?

ಅಳತೆ ಸರಿಯಾದ ಮೇಲೂ ಒಂದು ನಿರ್ಧಾರ ಬಾಕಿ ಇರುತ್ತದೆ. ಸಾಮಾನ್ಯ ಮಸೂರ ಒಂದೇ ದೂರಕ್ಕೆ ಸ್ಪಷ್ಟ ದೃಷ್ಟಿ ನೀಡುತ್ತದೆ. ದೂರಕ್ಕೆ ಗುರಿಯಿಟ್ಟರೆ ಓದಲು ಕನ್ನಡಕ ಬೇಕು. ಜೀವನವಿಡೀ ಮೈನಸ್ ಕನ್ನಡಕ ಧರಿಸಿ, ಓದುವಾಗ ಅದನ್ನು ತೆಗೆದಿಡುವ ಅಭ್ಯಾಸವಿರುವವರಿಗೆ ಈ ಬದಲಾವಣೆ ಕಿರಿಕಿರಿ ಎನಿಸಬಹುದು. ಅಂಥವರಿಗೆ, ಅಕ್ಕಸಾಲಿಗರಿಗೆ, ದರ್ಜಿಗಳಿಗೆ ಉದ್ದೇಶಪೂರ್ವಕವಾಗಿಯೇ ಸುಮಾರು ಮೈನಸ್ ಎರಡರಷ್ಟು ಉಳಿಸುವ ಆಯ್ಕೆಯಿದೆ. ಇದನ್ನು ಸೂತ್ರ ಹೇಳುವುದಿಲ್ಲ, ರೋಗಿಯೇ ಹೇಳಬೇಕು. ಎರಡು ಕಣ್ಣುಗಳ ನಂಬರಿನ ಅಂತರ ಹೆಚ್ಚಾದರೆ ಕನ್ನಡಕದಲ್ಲಿ ಹೊಂದಿಕೊಳ್ಳುವುದು ಕಷ್ಟ. ಆದ್ದರಿಂದ ಇನ್ನೊಂದು ಕಣ್ಣನ್ನೂ ಗಮನದಲ್ಲಿಟ್ಟೇ ನಿರ್ಧರಿಸಬೇಕಾಗುತ್ತದೆ.

ನೂರಕ್ಕೆ ನೂರು ಭರವಸೆ ಯಾರೂ ನೀಡಲಾರರು. ಬ್ರಿಟನ್ನಿನಲ್ಲಿ 2009ರಲ್ಲಿ ಸೂಚಿಸಲಾದ ಮಾನದಂಡವೂ ಶೇ 85ರಷ್ಟು ಕಣ್ಣುಗಳು ಗುರಿಯ ಒಂದು ಡಯಾಪ್ಟರ್ ಒಳಗೆ, ಶೇ 55ರಷ್ಟು ಅರ್ಧ ಡಯಾಪ್ಟರ್ ಒಳಗೆ ಬರಬೇಕು ಎಂದಷ್ಟೇ ಹೇಳಿತ್ತು. ಸಣ್ಣ ವ್ಯತ್ಯಾಸಕ್ಕೆ ಕನ್ನಡಕ ಸಾಕು. ದೊಡ್ಡ ವ್ಯತ್ಯಾಸವಿದ್ದರೆ ಮಸೂರ ಬದಲಿಸಬಹುದು. ಅದು ಆರಂಭದ ವಾರಗಳಲ್ಲಿ ಸುಲಭ, ತಡವಾದಷ್ಟೂ ಕಷ್ಟ.

ಕೇಳಬೇಕಾದ ಪ್ರಶ್ನೆಗಳು

ಉದ್ದವನ್ನು ಯಾವ ವಿಧಾನದಲ್ಲಿ ಅಳೆಯಲಾಯಿತು? ಎರಡೂ ಕಣ್ಣುಗಳ ಅಳತೆಯಲ್ಲಿ ಹೆಚ್ಚಿನ ವ್ಯತ್ಯಾಸವಿದ್ದರೆ ಮತ್ತೊಮ್ಮೆ ಪರಿಶೀಲಿಸಲಾಗಿದೆಯೇ? ಗುರಿ ದೂರಕ್ಕೋ, ಹತ್ತಿರಕ್ಕೋ? ಶಸ್ತ್ರಚಿಕಿತ್ಸೆಗೆ ಮುನ್ನ ಈ ಮೂರು ಪ್ರಶ್ನೆ ಕೇಳಿದರೆ ಸಾಕು. ನಂತರ ಮಸೂರದ ಮಾದರಿ ಹಾಗೂ ಪವರ್ ನಮೂದಿಸಿದ ಚೀಟಿಯನ್ನು ಜೋಪಾನವಾಗಿಡಬೇಕು. ಇನ್ನೊಂದು ಕಣ್ಣಿನ ಸರದಿ ಬಂದಾಗ, ಮೊದಲ ಕಣ್ಣಿನ ಫಲಿತಾಂಶದ ಜೊತೆಗೆ ಅದೇ ವೈದ್ಯರಿಗೆ ದಾರಿ ತೋರುತ್ತದೆ.